ಹಸಿರು ತ್ಯಾಗದ ಮೇರೆ

ಭೋಗಭೂಮಿಯ ಕಾಲವು ಮುಗಿಯುತ್ತ ಬಂದಂತೆ ಕಲ್ಪವೃಕ್ಷಗಳು ವಿರಳವಾದವು. ಉಳಿದವುಗಳೂ ಮೊದಲಿನಂತೆ ಫಲ ಕೊಡಲಿಲ್ಲ. ಅಲ್ಲಿಯವರೆಗೆ ತನ್ನದು ಪರರದು ಎಂಬ ಭೇದವನ್ನರಿಯದಿದ್ದ ಜನರು ಮರಗಳಿಗಾಗಿ ಕಲಹಕ್ಕಿಳಿದರು. ಆಗ ಐದನೆಯ ಕುಲಕರನಾದ ಸೀಮಂಕರನು ಆ ಮರಗಳಿಗೆ ಮಾತಿನಿಂದಲೇ ಮೇರೆಯನ್ನು ಗೊತ್ತುಮಾಡಿದನು. ಲೋಭವು ಮಾತಿನ ಮೇರೆಯನ್ನು ಮೀರಿದಾಗ ಆರನೆಯ ಕುಲಕರನಾದ ಸೀಮಂಧರನು ಗುರುತುಗಳನ್ನಿಟ್ಟು ಅದನ್ನು ದೃಢಪಡಿಸಿದನು. ಆದಿಪುರಾಣವನ್ನು ಓದಿಸಿ ಕೇಳುವ ಮನೆಗಳಿಗೆ ಈ ಪ್ರಸಂಗವು ಹೊಸದಲ್ಲ. ಆದರೆ ಅದು ನಡೆದ ಕಾಲವು ಗಮನಿಸತಕ್ಕದ್ದು. ಆಗ ರಾಜನೆಂಬುವನು ಇರಲಿಲ್ಲ. ಭಗವಾನ್ ವೃಷಭನಾಥರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಇನ್ನೂ ಉಪದೇಶಿಸಿರಲಿಲ್ಲ. ಇವೆಲ್ಲಕ್ಕೂ ಮೊದಲೇ ಮನುಷ್ಯನ ಬಯಕೆಗೆ ಮೇರೆಯೊಂದು ಬೇಕಾಯಿತು. ಆ ಮೇರೆಯನ್ನು ಎಳೆದದ್ದು ಮರಗಳ ವಿಷಯದಲ್ಲಿ.

ಪುರಾಣದ ಈ ಪ್ರಶ್ನೆಯು ಇಪ್ಪತ್ತನೆಯ ಶತಮಾನದಲ್ಲಿ ಕನ್ನಡ ನಾಡಿನ ಮಲೆಗಳಲ್ಲಿಯೇ ಮತ್ತೆ ತಲೆಯೆತ್ತಿತು. ಮನುಷ್ಯನು ನೆಡದ, ಮನುಷ್ಯನ ನೆನಪಿಗಿಂತಲೂ ಹಳೆಯದಾದ ಕಾಡನ್ನು ಕಡಿಯಬಹುದೆ? ಕಡಿಯಬಹುದಾದರೆ ಎಷ್ಟರವರೆಗೆ? ಇದು ಸರ್ಕಾರ, ಕಾರ್ಖಾನೆ ಮತ್ತು ಗ್ರಾಮಸ್ಥರ ನಡುವಿನ ವಿವಾದವೆಂದೇ ಬಹುಮಂದಿ ತಿಳಿದರು. ಅಷ್ಟಮಿ, ಚತುರ್ದಶಿಗಳಂದು ಹಸಿರು ತರಕಾರಿಯನ್ನು ಮುಟ್ಟದ, ಚಾತುರ್ಮಾಸದಲ್ಲಿ ಸೊಪ್ಪನ್ನು ಸಂಪೂರ್ಣವಾಗಿ ವರ್ಜಿಸುವ ಶ್ರಾವಕನ ಮನೆಯೂ ಈ ವಿವಾದದಲ್ಲಿ ಒಂದು ಪಕ್ಷವೆಂಬುದು ಅಷ್ಟಾಗಿ ವಿಚಾರಕ್ಕೆ ಬರಲಿಲ್ಲ. ವನಸ್ಪತಿಯಲ್ಲಿ ಜೀವವಿದೆಯೆಂದು ನಂಬಿ ಒಂದು ಹಿಡಿ ಸೊಪ್ಪನ್ನು ಬಿಡುವವನು, ಅದೇ ವರ್ಷ ಕಟ್ಟಿಸಿದ ಮನೆಯ ಬಾಗಿಲು, ಮಾಡು, ಮಂಚಗಳಿಗೆ ಬಂದ ಮರವು ಯಾವುದು, ಎಲ್ಲಿಯದು ಎಂದು ಕೇಳಬೇಕೆ, ಬೇಡವೆ? ವಿಚಾರಣೀಯವಾದ ವಿಷಯವು ಇದೇ.

ಮೊದಲು ಸಂಗತಿಗಳನ್ನು ನೋಡಬೇಕು. ಉತ್ತರ ಕನ್ನಡ ಜಿಲ್ಲೆಯು ದಟ್ಟ ಕಾಡಿನ ಸೀಮೆ. ಸ್ವಾದಿಯ ದಿಗಂಬರ ಜೈನ ಮಠವು ಇರುವುದು, ಗೇರುಸೊಪ್ಪೆಯ ಚತುರ್ಮುಖ ಬಸದಿಯು ಶರಾವತಿಯ ಕಣಿವೆಯ ಅರಣ್ಯದ ನಡುವೆ ನಿಂತಿರುವುದು ಇದೇ ಜಿಲ್ಲೆಯಲ್ಲಿ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಇಲ್ಲಿನ ಕಾಡು ಕಾಗದಕ್ಕೂ ಪ್ಲೈವುಡ್ಡಿಗೂ ಮೂಲದ್ರವ್ಯವಾಯಿತು. ಹಲವೆಡೆ ಸಹಜಾರಣ್ಯವನ್ನು ಬೋಳಿಸಿ ಸಾಗುವಾನಿಯ ನೆಡುತೋಪುಗಳನ್ನು ಎಬ್ಬಿಸಲಾಯಿತು. 1958ರಲ್ಲಿ ಕಾಗದದ ಉದ್ಯಮಕ್ಕೆ ಇಲ್ಲಿಯ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಗಿತ್ತು. ಬುಟ್ಟಿ ಹೆಣೆಯುವ ಮೇದಾರನು ಪೇಟೆಯಲ್ಲಿ ಅದೇ ಬಿದಿರಿಗೆ ಅದರ ಅನೇಕ ನೂರು ಪಟ್ಟು ಬೆಲೆ ತೆರಬೇಕಾಗಿತ್ತು. 1950ರಲ್ಲಿ ಜಿಲ್ಲೆಯ ನೂರಕ್ಕೆ 81ರಷ್ಟು ಭಾಗವನ್ನು ಆವರಿಸಿದ್ದ ಕಾಡು 1980ರ ವೇಳೆಗೆ ನೂರಕ್ಕೆ 25ರ ಆಸುಪಾಸಿಗೆ ಇಳಿಯಿತೆಂಬುದು ಮುಂದೆ ಚಳವಳಿಗಾರರು ಜನರ ಮುಂದಿಟ್ಟ ಲೆಕ್ಕ.

ಹಿಮಾಲಯದ ತಪ್ಪಲಿನಲ್ಲಿ 1973ರಲ್ಲಿ ಆರಂಭವಾದ ಚಿಪ್ಕೋ ಚಳವಳಿಯ ಸುದ್ದಿಯು ಅಷ್ಟರಲ್ಲಿ ದಕ್ಷಿಣಕ್ಕೂ ತಲುಪಿತ್ತು. ಅದರ ನಾಯಕರಲ್ಲೊಬ್ಬರಾದ ಸುಂದರಲಾಲ ಬಹುಗುಣರು ಈ ಸೀಮೆಗೂ ಬಂದು ಜನರೊಡನೆ ಮಾತನಾಡಿದ್ದರು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಕಳಸೆಯ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ತಬ್ಬಿ ನಿಂತರು. ದಶಲಕ್ಷಣ ಪರ್ವಕ್ಕೆ ಕೆಲವೇ ದಿನಗಳಿದ್ದ ಭಾದ್ರಪದದ ಆರಂಭವದು. 38 ದಿನಗಳ ಹಟದ ಬಳಿಕ ಅಲ್ಲಿನ ಕಡಿತವು ನಿಂತಿತು. ‘ಅಪ್ಪಿಕೋ’ ಎಂಬ ಹೆಸರಿನ ಆ ಚಳವಳಿಯು ಪಾಂಡುರಂಗ ಹೆಗಡೆ ಮೊದಲಾದವರ ಶ್ರಮದಿಂದ ಮಲೆನಾಡಿನ ಇತರ ಭಾಗಗಳಿಗೂ ಹಬ್ಬಿತು. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳು ಅದರ ಸೂತ್ರ. ಬಳಸುವುದನ್ನು ಅವರು ನಿಷೇಧಿಸಲಿಲ್ಲ. ಅದನ್ನು ಮೂರನೆಯ ಸ್ಥಾನದಲ್ಲಿ ಇರಿಸಿದರು.

ಎದುರು ಪಕ್ಷದ ಮಾತೂ ತೆಗೆದುಹಾಕತಕ್ಕದ್ದಲ್ಲ. ಅರಣ್ಯಶಾಸ್ತ್ರವನ್ನು ಓದಿದ ಅಧಿಕಾರಿಗಳು ಹೇಳುತ್ತಿದ್ದುದು ಇಷ್ಟು: ಮರವೆಂಬುದು ಮತ್ತೆ ಬೆಳೆಯುವ ವಸ್ತು. ಒಂದು ವಯಸ್ಸು ದಾಟಿದ ಮರವು ದಪ್ಪವಾಗುವುದು ನಿಧಾನವಾಗುತ್ತದೆ, ಅದರ ಒಳಗು ಟೊಳ್ಳಾಗುತ್ತದೆ. ಇಂಥ ಮಿತಿಮೀರಿ ಬಲಿತ ಮರಗಳನ್ನು ಎಕರೆಗೆ ಇಷ್ಟೆಂದು ಆಯ್ದು ತೆಗೆದರೆ ಕೆಳಗಿನ ಸಸಿಗಳಿಗೆ ಬೆಳಕು ದೊರೆಯುತ್ತದೆ. ದೇಶಕ್ಕೆ ಮರ ಬೇಕು, ಕಡಿಯುವವರಿಗೂ ಸಾಗಿಸುವವರಿಗೂ ಕೂಲಿ ಬೇಕು. ಮರವನ್ನು ಬಿಟ್ಟರೆ ಜನರು ಕಬ್ಬಿಣ, ಸಿಮೆಂಟುಗಳಿಗೆ ಹೋಗುತ್ತಾರೆ. ಅವು ಗಣಿಯಿಂದ, ಬೆಂಕಿಯಿಂದ ಹುಟ್ಟುವಂಥವು. ಪೃಥ್ವೀಕಾಯ, ಅಗ್ನಿಕಾಯ ಜೀವಗಳನ್ನು ನಂಬುವ ಜೈನನು ಈ ಕೊನೆಯ ಮಾತನ್ನು ಲಘುವಾಗಿ ಕಾಣಲಾರನು.

ಈ ವಿವಾದವು ಶ್ರಾವಕನ ಮುಂದೆ ಬಂದಾಗ ಎರಡು ಸುಲಭದ ಉತ್ತರಗಳು ಸಿದ್ಧವಾಗಿರುತ್ತವೆ. ಮರವು ಏಕೇಂದ್ರಿಯ, ಅಹಿಂಸಾಣುವ್ರತವು ಗೃಹಸ್ಥನಿಗೆ ವಿಧಿಸಿರುವುದು ತ್ರಸಜೀವಗಳ ಸಂಕಲ್ಪೀ ಹಿಂಸೆಯ ತ್ಯಾಗವನ್ನು, ಆದುದರಿಂದ ಮರ ಕಡಿದರೆ ವ್ರತಭಂಗವಿಲ್ಲ ಎಂಬುದು ಒಂದು. ವನಸ್ಪತಿಯ ಛೇದವೆಲ್ಲವೂ ಹಿಂಸೆಯೇ. ಹಿತ್ತಿಲ ಬಾಳೆಯನ್ನು ಕಡಿದರೂ ಅಷ್ಟೇ, ಅಡವಿಯ ಹೆಮ್ಮರವನ್ನು ಕಡಿದರೂ ಅಷ್ಟೇ. ಸಂಸಾರಿಗೆ ತಪ್ಪಿದ್ದಲ್ಲ ಎಂಬುದು ಇನ್ನೊಂದು. ಮೊದಲನೆಯದು ವ್ರತವನ್ನು ಅದರ ಕನಿಷ್ಠ ಅರ್ಥಕ್ಕೆ ಇಳಿಸುತ್ತದೆ. ಎರಡನೆಯದು ವಿವೇಕವನ್ನೇ ಬಿಟ್ಟುಕೊಡುತ್ತದೆ. ಎರಡರ ಫಲವೂ ಒಂದೇ: ಮನೆಯಲ್ಲಿ ಏನೂ ಬದಲಾಗುವುದಿಲ್ಲ.

ಆಚಾರ್ಯರು ಹೀಗೆ ಹೇಳಿಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಗೃಹಸ್ಥನಿಗೆ ಯೋಗ್ಯವಾದ ಬಾಳುವೆಗಾಗಿ ಅನಿವಾರ್ಯವಾಗುವ ಏಕೇಂದ್ರಿಯ ಘಾತವನ್ನು ಅಲ್ಪವೆಂಬ ವಿಶೇಷಣದೊಡನೆಯೇ ಒಪ್ಪಿದ್ದಾರೆ. ಅದರಾಚೆಯ ಸ್ಥಾವರ ಹಿಂಸೆಯಿಂದ ವಿರಮಿಸುವುದೂ ಅವನ ಕರ್ತವ್ಯವೆಂದಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿವರಿಸುವಾಗ, ನಿಷ್ಪ್ರಯೋಜನವಾಗಿ ಭೂಮಿಯನ್ನು ಅಗೆಯುವುದು, ನೀರು, ಬೆಂಕಿ, ಗಾಳಿಗಳನ್ನು ಕೆದಕುವುದು ಇವುಗಳೊಡನೆ ವನಸ್ಪತಿಯ ಛೇದವನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಕೊಡಲಿ ಮೊದಲಾದ ಹಿಂಸೋಪಕರಣಗಳನ್ನು ಪರರಿಗೆ ಒದಗಿಸುವುದು ಹಿಂಸಾದಾನವೆಂಬ ಇನ್ನೊಂದು ಅನರ್ಥದಂಡ. ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ಸಾಗಾರಧರ್ಮಾಮೃತದಲ್ಲಿ ವ್ರತಿಕನು ಬಿಡಬೇಕಾದ ಹದಿನೈದು ಕ್ರೂರ ಜೀವನೋಪಾಯಗಳನ್ನು ಹೇಳುವಾಗ ವನಜೀವಿಕೆಯನ್ನು, ಅಂದರೆ ಕಾಡನ್ನು ಕಡಿದು ಮಾರಿ ಬದುಕುವುದನ್ನು, ಮೊದಲಿಗೇ ಎಣಿಸಿದ್ದಾನೆ. ಈ ಮೂವರ ಮಾತನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗೃಹಸ್ಥನಿಗೆ ದೊರೆತ ರಿಯಾಯಿತಿಗೆ ಮೂರು ಕಟ್ಟುಗಳಿರುವುದು ಕಾಣುತ್ತದೆ: ಅದು ಅಲ್ಪವಾಗಿರಬೇಕು, ಸಪ್ರಯೋಜನವಾಗಿರಬೇಕು, ಜೀವನದ ವೃತ್ತಿಯಾಗಿ ಬೆಳೆಯಬಾರದು.

ಹಳೆಯ ಕಾಡಿನ ಒಂದು ಮರವನ್ನು ಕೆಡಹುವುದು ‘ಅಲ್ಪ’ವೇ ಎಂಬುದು ಮುಂದಿನ ಪ್ರಶ್ನೆ. ಮೇಲುನೋಟಕ್ಕೆ ಲೆಕ್ಕವು ಕಡಿಯುವವನ ಪರವಾಗಿಯೇ ಇದೆ. ಒಂದು ಹೆಮ್ಮರದಿಂದ ಒಂದು ಮನೆಗೆ ಸಾಕಾಗುವಷ್ಟು ಹಲಗೆ ದೊರೆಯುತ್ತದೆ. ಒಂದು ಮಡಿ ಸೊಪ್ಪನ್ನು ಕೊಯ್ದರೆ ನೂರು ಗಿಡಗಳ ಘಾತ. ಜೀವವನ್ನು ತಲೆಯೆಣಿಕೆಯಿಂದ ಅಳೆದರೆ ಸೊಪ್ಪಿನ ಪಾಪವೇ ಹೆಚ್ಚು! ಈ ವಾದವು ಹುಸಿಯೆಂಬುದು ಮರದ ಬಳಿಗೆ ಹೋಗಿ ನೋಡಿದವರಿಗೆ ಸುಲಭವಾಗಿ ತಿಳಿಯುತ್ತದೆ. ಆಗಮದ ಪರಿಭಾಷೆಯಲ್ಲಿ ವೃಕ್ಷವು ಪ್ರತ್ಯೇಕ ವನಸ್ಪತಿ. ಆದರೆ ಪ್ರತ್ಯೇಕದಲ್ಲಿಯೂ ಸಪ್ರತಿಷ್ಠಿತವೆಂಬ ಭೇದವಿದೆ. ಅಂಥದರ ಶರೀರವನ್ನು ಆಶ್ರಯಿಸಿ ಅನಂತ ನಿಗೋದ ಜೀವಗಳಿರುತ್ತವೆ. ಇನ್ನು ಕಣ್ಣಿಗೆ ಕಾಣುವ ಆಶ್ರಿತರನ್ನೇ ನೋಡಬಹುದು. ಶತಮಾನಗಳಿಂದ ನಿಂತ ಧೂಪದ ಮರದ ಮೈಯಲ್ಲಿ ಹಾವಸೆ, ಜರಿಗಿಡ, ಸೀತಾಳೆದಂಡೆ, ತೊಗಟೆಯ ಸಂದಿನಲ್ಲಿ ಹುಳ, ಇರುವೆ, ಜೇಡ, ಪೊಟರೆಯಲ್ಲಿ ಜೇನು, ಕೊಂಬೆಯಲ್ಲಿ ಕೆಂಜಳಿಲು, ಸಿಂಗಳೀಕ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಸೋಪಾನವೇ ಒಂದು ಕಾಂಡದ ಮೇಲೆ ನೆಲಸಿರುತ್ತದೆ. ಸಾವಿರ ಸಸಿಗಳ ತೋಟದಲ್ಲಿ ಇದು ಇರುವುದಿಲ್ಲ.

ಅರಣ್ಯಾಧಿಕಾರಿಯು ಟೊಳ್ಳೆಂದು ತಳ್ಳಿದ ಮರದ ವಿಷಯವನ್ನೇ ತೆಗೆದುಕೊಳ್ಳಬಹುದು. ದಾಂಡೇಲಿಯ ಕಾಡುಗಳಿಗೆ ಹೆಸರು ತಂದ ಮಂಗಟ್ಟೆ ಹಕ್ಕಿಯು ತಾನಾಗಿ ಪೊಟರೆಯನ್ನು ಕೊರೆಯಲಾರದು. ಹಳೆಯ ಮರದಲ್ಲಿ ಕಾಲವೇ ಕೊರೆದಿಟ್ಟ ಟೊಳ್ಳು ಅದಕ್ಕೆ ಬೇಕು. ಹೆಣ್ಣು ಹಕ್ಕಿಯು ಅದರೊಳಗೆ ಸೇರಿ, ಬಾಯಿಯನ್ನು ಮೆತ್ತಿ ಮುಚ್ಚಿ, ಕೊಕ್ಕು ಹೊರಬರುವಷ್ಟು ಸಂದನ್ನು ಮಾತ್ರ ಉಳಿಸಿಕೊಂಡು ಮೊಟ್ಟೆಯಿಟ್ಟು ಕಾವು ಕೊಡುತ್ತದೆ. ಗಂಡು ಹಕ್ಕಿಯು ತಿಂಗಳುಗಟ್ಟಲೆ ಹಣ್ಣನ್ನು ತಂದು ಆ ಸಂದಿನಿಂದ ಉಣಿಸುತ್ತದೆ. ಮಳೆಗಾಲಕ್ಕೆ ಮುಂಚಿನ ಒಣ ತಿಂಗಳುಗಳು ಅದರ ಸಂತಾನಕಾಲ. ಮರ ಕಡಿದು ಸಾಗಿಸುವುದಕ್ಕೆ ಅನುಕೂಲವಾದುದೂ ಅದೇ ಕಾಲ. ಅಂಥ ಮರವೊಂದು ಉರುಳಿದರೆ ಬಾಗಿಲು ಮುಚ್ಚಿದ ಮನೆಯೊಳಗಿನ ತಾಯಿ, ಮರಿಗಳ ಗತಿಯೇನೆಂಬುದನ್ನು ವಿವರಿಸಬೇಕಾಗಿಲ್ಲ. ಇದು ಉದ್ದೇಶಿಸಿದ ಹಿಂಸೆಯಲ್ಲವೆಂಬುದು ನಿಜ. ಆದರೆ ಪಂಚೇಂದ್ರಿಯ ಘಾತವು ನಡೆಯುವ ಸಂಭವವನ್ನು ತಿಳಿದೂ ಮಾಡಿದ ಕೆಲಸಕ್ಕೆ, ಅರಿಯದೆ ಮಾಡಿದ್ದೆಂಬ ಸಮಾಧಾನವು ಉಳಿಯುವುದಿಲ್ಲ. ಪ್ರಮಾದವೆಂದರೆ ಇದೇ.

ಬಿದ್ದ ಮರವು ಒಂದೇ ಬೀಳುವುದಿಲ್ಲವೆಂಬುದು ಕಾಡಿನ ಅಂಚಿನಲ್ಲಿ ಬದುಕುವವರ ಅನುಭವ. ಬೀಳುವಾಗ ಸುತ್ತಲಿನವುಗಳನ್ನು ಮುರಿದು ಬೀಳುತ್ತದೆ, ದಿಮ್ಮಿಯನ್ನು ಎಳೆದ ದಾರಿಯಲ್ಲಿ ಸಸಿಗಳು ಅರೆದುಹೋಗುತ್ತವೆ, ಲಾರಿಗೆ ರಸ್ತೆಯಾಗುತ್ತದೆ, ತೆರೆದ ನೆಲದ ಮಣ್ಣು ಮಳೆಗೆ ತೊಳೆದುಹೋಗುತ್ತದೆ. ಕಾನು ಎಂದು ಮಲೆನಾಡಿನವರು ಕರೆಯುವ ನಿತ್ಯಹರಿದ್ವರ್ಣದ ಕಾಡುಗಳಲ್ಲಿ, ವರ್ಷವಿಡೀ ನೀರು ಜಿನುಗುವ ರಾಮಪತ್ರೆಯ ಜಡ್ಡಿಗಳಿವೆ. ಸಿದ್ದಾಪುರದ ಸೀಮೆಯ ಕತ್ತಲೆಕಾನು ಅವುಗಳಲ್ಲಿ ಒಂದು. ರಾಮಪತ್ರೆಯ ಬೀಜವು ಒಣಗಿದರೆ ಮೊಳೆಯದು. ಅದಕ್ಕೆ ತೇವವೂ ನೆರಳೂ ಬೇಕು. ನೆರಳನ್ನು ಕೊಡುವ ಹಿರಿಯ ಮರಗಳು ಹೋದ ಮೇಲೆ ಆ ಕಾಡು ಹಿಂದಿರುಗಿ ಬರುವ ದಾರಿಯೇ ಮುಚ್ಚಿಹೋಗುತ್ತದೆ.

ಒಂದು ಕಡಿದರೆ ಎರಡು ನೆಟ್ಟರಾಯಿತೆಂಬ ಮಾತಿಗೆ ಉತ್ತರವೂ ಇಲ್ಲಿಯೇ ಇದೆ. ನೆಡುವುದು ಒಳ್ಳೆಯದೇ, ಅದರಿಂದ ಬೀಳು ನೆಲವು ಹಸಿರಾಗುತ್ತದೆ, ಮುಂದಿನವರಿಗೆ ಮರ ದೊರೆಯುತ್ತದೆ. ಆದರೆ ನೆಡುವುದನ್ನು ಕಡಿಯುವುದರ ಬೆಲೆಯೆಂದು ತಿಳಿಯುವುದು ಕರ್ಮಸಿದ್ಧಾಂತಕ್ಕೆ ಒಗ್ಗುವ ಮಾತಲ್ಲ. ಒಂದು ಜೀವದ ಘಾತವು ಮತ್ತೊಂದು ಜೀವದ ಪೋಷಣೆಯಿಂದ ಇಲ್ಲದಂತಾಗುವುದಿಲ್ಲ. ಪುಣ್ಯಬಂಧವು ಪುಣ್ಯಬಂಧವಾಗಿಯೂ ಪಾಪಬಂಧವು ಪಾಪಬಂಧವಾಗಿಯೂ ತಂತಮ್ಮ ಕಾಲಕ್ಕೆ ಉದಯಕ್ಕೆ ಬರುತ್ತವೆ. ಪ್ರಾಯಶ್ಚಿತ್ತಕ್ಕೆಂದು ಉಪವಾಸ ಮಾಡುವವನು ಅದೇ ದೋಷವನ್ನು ಮತ್ತೆ ಮಾಡಲು ಅನುಮತಿಯನ್ನು ಕೊಂಡುಕೊಂಡಂತೆ ಆಗುವುದಿಲ್ಲ. ಅಲ್ಲದೆ, ಮೂರು ನೂರು ವರ್ಷ ನಿಂತ ಮರಕ್ಕೆ ಪ್ರತಿಯಾಗಿ ನೆಟ್ಟ ಸಸಿಯನ್ನು ಮೂವತ್ತು ವರ್ಷಕ್ಕೆ ಮತ್ತೆ ಕಡಿಯುವುದೇ ಕ್ರಮವಾದರೆ, ಕೊಟ್ಟದ್ದು ಯಾವುದು, ಹಿಂದಿರುಗಿಸಿದ್ದು ಯಾವುದು? ಅಕೇಸಿಯಾ, ನೀಲಗಿರಿಗಳ ಸಾಲುಗಳು ಬೆಳೆಯೆನ್ನಿಸಿಕೊಳ್ಳಬಹುದು, ಕಾಡೆನ್ನಿಸಿಕೊಳ್ಳಲಾರವು. ಬೆಳೆಯನ್ನು ಬೆಳೆಯಾಗಿ ಬಳಸುವ ಗೃಹಸ್ಥನು ಷಟ್ಕರ್ಮಗಳ ಮಿತಿಯೊಳಗೆ ಇದ್ದಾನೆ. ತಾನು ಬೆಳೆಸದುದನ್ನು, ತನ್ನ ಹತ್ತು ತಲೆಮಾರೂ ಮತ್ತೆ ಬೆಳೆಸಲಾರದುದನ್ನು ತೆಗೆದುಕೊಳ್ಳುವವನು ಆ ಮಿತಿಯನ್ನು ದಾಟಿದ್ದಾನೆ.

ಇಷ್ಟನ್ನು ಒಪ್ಪಿದರೂ, ಕೊಡಲಿ ಹಿಡಿದವನು ಶ್ರಾವಕನಲ್ಲವಲ್ಲ ಎಂಬ ಮಾತು ಉಳಿಯುತ್ತದೆ. ಮರ ಕಡಿದವನು ಕೂಲಿಯವನು, ಕಡಿಸಿದವನು ಗುತ್ತಿಗೆದಾರ, ಅಪ್ಪಣೆ ಕೊಟ್ಟದ್ದು ಸರ್ಕಾರ; ಕೊಂಡವನಿಗೆ ಏನು? ಜೈನಧರ್ಮವು ಬೇರೆಲ್ಲ ವಿಷಯಗಳಲ್ಲಿಯೂ ಮುಚ್ಚಿರುವ ಬಾಗಿಲು ಇದು. ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳು, ಮನೋವಾಕ್ಕಾಯಗಳೆಂಬ ಮೂರು ಸಾಧನಗಳು, ಒಟ್ಟು ಒಂಬತ್ತು. ತಾನು ಕೊಲ್ಲಲಿಲ್ಲ, ಕೊಂಡು ತಂದೆ ಅಷ್ಟೇ ಎಂದು ಮಾಂಸಾಹಾರಿಯು ಹೇಳಿದರೆ ಶ್ರಾವಕನು ಒಪ್ಪುವುದಿಲ್ಲ. ಕೊಳ್ಳುವವನಿಲ್ಲದಿದ್ದರೆ ಕೊಲ್ಲುವವನಿಲ್ಲವೆಂದು ತರ್ಕಬದ್ಧವಾಗಿಯೇ ಉತ್ತರಿಸುತ್ತಾನೆ. ಆ ತರ್ಕವು ಅಡಿಗೆಮನೆಯ ಹೊಸಲಿನಲ್ಲಿ ನಿಂತು, ಪಡಸಾಲೆಯ ಪೀಠೋಪಕರಣಗಳವರೆಗೆ ಬಾರದಿರಲು ಕಾರಣವಿಲ್ಲ. ಪ್ಲೈವುಡ್ಡಿನ ಮೇಲ್ಪದರವು ಯಾವ ಮರದ ಮೈಯೆಂದು ಕಾಣದಂತೆ ಬಣ್ಣ ಬಳಿದು ಬರುವುದರಿಂದ ಪ್ರಶ್ನೆಯು ಮರೆಯಾಗಬಹುದು, ಇಲ್ಲವಾಗುವುದಿಲ್ಲ.

ಮುಂದೆ ಕಾನೂನು ಬದಲಾಯಿತು. 1980ರಲ್ಲಿಯೇ ಅರಣ್ಯ ಸಂರಕ್ಷಣಾ ಕಾಯಿದೆಯು ಬಂದು, ಕಾಡುಭೂಮಿಯನ್ನು ಅನ್ಯ ಉದ್ದೇಶಗಳಿಗೆ ಕೊಡುವುದಕ್ಕೆ ಕೇಂದ್ರದ ಒಪ್ಪಿಗೆಯನ್ನು ಕಡ್ಡಾಯಗೊಳಿಸಿತ್ತು. 1988ರ ರಾಷ್ಟ್ರೀಯ ಅರಣ್ಯ ನೀತಿಯು ಆದಾಯಕ್ಕಿಂತ ಪರಿಸರದ ಸಮತೋಲನವನ್ನು ಮುಂದಿಟ್ಟಿತು. 1990ರ ಸುಮಾರಿಗೆ ಕರ್ನಾಟಕ ಸರ್ಕಾರವು ಸಹಜಾರಣ್ಯದ ಹಸಿ ಮರಗಳ ಕಡಿತವನ್ನು ತಡೆಯಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಆದೇಶವು ದೇಶದ ಕಾಡುಗಳಲ್ಲಿ ಅನುಮೋದಿತ ಯೋಜನೆಯಿಲ್ಲದೆ ಮರ ಕಡಿಯುವುದನ್ನು ನಿಲ್ಲಿಸಿತು. ಸಾಲ್ಕಣಿಯವರ ಪಕ್ಷವು ಗೆದ್ದಿತೆಂದು ಹೇಳಬಹುದು.

ಆದರೆ ಬೇಡಿಕೆಯು ಕಡಿಮೆಯಾಗಲಿಲ್ಲ. ಅದು ದಿಕ್ಕನ್ನು ಬದಲಿಸಿತು. ಬರ್ಮಾದಿಂದ, ಮಲೇಶಿಯದಿಂದ, ಇನ್ನೂ ದೂರದಿಂದ ದಿಮ್ಮಿಗಳು ಹಡಗೇರಿ ಬಂದವು. ಮಂಗಳೂರಿನ ಬಂದರಿನಲ್ಲಿಯೂ ಇಳಿದವು. ಬರ್ಮಾ ದೇಶವು ತನ್ನ ಕಾಡು ಕ್ಷೀಣಿಸುವುದನ್ನು ಕಂಡು 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಬೋರ್ನಿಯೋ ದ್ವೀಪದಲ್ಲಿರುವ ಮಲೇಶಿಯದ ಸಾರಾವಾಕ್ ಪ್ರಾಂತದ ಮರಕ್ಕೆ ಭಾರತವು ದೊಡ್ಡ ಗಿರಾಕಿಯಾಯಿತು. ಅಲ್ಲಿನ ಪೆನಾನ್ ಎಂಬ ವನವಾಸಿಗಳು, ಸಾಲ್ಕಣಿಯ ಘಟನೆಯಾದ ನಾಲ್ಕು ವರ್ಷಗಳಿಗೆ, 1987ರಲ್ಲಿ, ಮರ ಸಾಗಿಸುವ ರಸ್ತೆಗಳಿಗೆ ಅಡ್ಡವಾಗಿ ನಿಂತಿದ್ದರು. ಆ ಪ್ರಾಂತದ ಲಾಂಛನದಲ್ಲಿರುವ ಪಕ್ಷಿಯೂ ಮಂಗಟ್ಟೆಯ ಜಾತಿಯದೇ. ಶಿರಸಿಯ ಮಂಗಟ್ಟೆಯ ಪೊಟರೆಯನ್ನು ಉಳಿಸಿ ಸಾರಾವಾಕಿನ ಮಂಗಟ್ಟೆಯ ಪೊಟರೆಯನ್ನು ಕೊಂಡು ತಂದರೆ ಅಹಿಂಸೆಗೆ ಆದ ಲಾಭವೆಷ್ಟು?

ಈ ವಿಷಯದಲ್ಲಿ ಜೈನ ವ್ರತವಿಚಾರದ ಸೂಕ್ಷ್ಮತೆಯು ಇಂದಿನ ಯಾವ ಅರಣ್ಯನೀತಿಗೂ ಕಡಿಮೆಯಾದುದಲ್ಲ. ದಿಗ್ವ್ರತ, ದೇಶವ್ರತಗಳಲ್ಲಿ ಶ್ರಾವಕನು ತನ್ನ ವ್ಯವಹಾರದ ಕ್ಷೇತ್ರಕ್ಕೆ ಗಡಿಯನ್ನು ಹಾಕಿಕೊಳ್ಳುತ್ತಾನೆ. ಗಡಿಯ ಹೊರಗಿನ ಸಮಸ್ತ ಜೀವರಾಶಿಗೂ ಅವನಿಂದ ಅಭಯ. ಆ ಕ್ಷೇತ್ರದ ಮಟ್ಟಿಗೆ ಅವನ ಅಣುವ್ರತವು ಮಹಾವ್ರತಕ್ಕೆ ಸಮಾನವೆಂದು ಆಚಾರ್ಯರು ಹೊಗಳಿದ್ದಾರೆ. ಆದರೆ ತತ್ತ್ವಾರ್ಥಸೂತ್ರವು ದೇಶವ್ರತದ ಐದು ಅತಿಚಾರಗಳನ್ನೂ ಹೇಳುತ್ತದೆ. ಅವುಗಳಲ್ಲಿ ಮೊದಲನೆಯದು ಆನಯನ: ತಾನು ಗಡಿಯೊಳಗೇ ಕುಳಿತು, ಹೊರಗಿನ ವಸ್ತುವನ್ನು ಮತ್ತೊಬ್ಬರಿಂದ ತರಿಸಿಕೊಳ್ಳುವುದು. ಎರಡನೆಯದು ಪ್ರೇಷ್ಯಪ್ರಯೋಗ: ತಾನು ಹೋಗದೆ, ಆಳನ್ನು ಕಳಿಸಿ ಕೆಲಸ ಮಾಡಿಸುವುದು. ಕಾಲು ಗಡಿಯನ್ನು ದಾಟಿಲ್ಲ, ಬಯಕೆ ದಾಟಿದೆ. ವ್ರತವನ್ನು ಅಕ್ಷರದಲ್ಲಿ ಉಳಿಸಿ ಅರ್ಥದಲ್ಲಿ ಮುರಿಯುವ ಈ ಚಾತುರ್ಯವನ್ನು ಸೂತ್ರಕಾರರು ಬಹು ಹಿಂದೆಯೇ ಗುರುತಿಸಿದ್ದರು. ಈ ಅತಿಚಾರಗಳು ವ್ರತವನ್ನು ಸ್ವೀಕರಿಸಿದವನಿಗೆ ಮಾತ್ರ ಹೇಳಿದವು, ನಿಜ. ಆದರೆ ಒಂದು ನಾಡು ತನ್ನ ಕಾಡಿಗೆ ಬೇಲಿ ಹಾಕಿ ಪರದೇಶದ ಕಾಡನ್ನು ತರಿಸಿಕೊಳ್ಳುವಾಗ ನಡೆಯುವುದು ಇದೇ ದೋಷವೆಂಬುದನ್ನು ಕಾಣಲು ಜೈನ ಗೃಹಸ್ಥನಿಗೆ ಬೇರೆ ಗುರು ಬೇಕಾಗಿಲ್ಲ.

ಕಬ್ಬಿಣ, ಸಿಮೆಂಟುಗಳ ಆಕ್ಷೇಪವು ಇನ್ನೂ ಉಳಿದಿದೆ. ಅದಕ್ಕೆ ಪೂರ್ಣ ಸಮಾಧಾನವಿಲ್ಲವೆಂದು ಒಪ್ಪುವುದೇ ಪ್ರಾಮಾಣಿಕತೆ. ಮನೆಯು ಯಾವುದರಿಂದ ಕಟ್ಟಿದರೂ ಆರಂಭೀ ಹಿಂಸೆಯಿಂದ ಮುಕ್ತವಲ್ಲ. ಹಿಂಸೆಯಿಲ್ಲದ ವಸ್ತುವನ್ನು ಹುಡುಕುವವನು ಬರಿಗೈಯಲ್ಲಿ ಹಿಂದಿರುಗುತ್ತಾನೆ. ಹಾಗೆಂದೇ ಶ್ರಾವಕಾಚಾರವು ವಸ್ತುವಿಗಿಂತ ಪರಿಮಾಣಕ್ಕೆ ಹೆಚ್ಚಿನ ಮಹತ್ತ್ವವನ್ನು ಕೊಟ್ಟಿತು: ಪರಿಗ್ರಹ ಪರಿಮಾಣ, ಭೋಗೋಪಭೋಗ ಪರಿಮಾಣ. ಮರವೋ ಕಬ್ಬಿಣವೋ ಎಂಬ ಪ್ರಶ್ನೆಗೆ ಮೊದಲು, ಎಷ್ಟು ದೊಡ್ಡ ಮನೆ, ಎಷ್ಟು ಬಾಗಿಲು, ಎಷ್ಟು ವರ್ಷಕ್ಕೊಮ್ಮೆ ಹೊಸ ಪೀಠೋಪಕರಣ ಎಂಬ ಪ್ರಶ್ನೆಯು ಬರಬೇಕು. ಅಜ್ಜನ ಕಾಲದ ಹಲಸಿನ ಬಾಗಿಲನ್ನು ಕಿತ್ತು ಮಾರಿ ಹೊಸ ಮಾದರಿಯದನ್ನು ಹಾಕಿಸುವಲ್ಲಿ ಅನಿವಾರ್ಯತೆಯಿಲ್ಲ. ಅಲ್ಲಿಂದ ಮುಂದೆ ಅದು ಅನರ್ಥದಂಡದ ಸೀಮೆ.

ಕೂಲಿಯವನ ಹೊಟ್ಟೆಯ ಮಾತು ಎಲ್ಲಕ್ಕಿಂತ ಭಾರವಾದುದು. ಬಡವನ ಸೌದೆಯ ಹೊರೆಯನ್ನೂ ಕಾರ್ಖಾನೆಯ ಲಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅಹಿಂಸೆಯಲ್ಲ. ತ್ಯಾಗದ ಹೊರೆಯು ಯಾರ ಮೇಲೆ ಬೀಳಬೇಕೆಂಬುದನ್ನು ಧರ್ಮವು ಶಕ್ತಿಯನ್ನು ನೋಡಿ ನಿರ್ಣಯಿಸುತ್ತದೆ. ಉಪವಾಸವನ್ನು ಉಣ್ಣಲು ಇದ್ದವನು ಮಾಡಿದರೆ ತಪಸ್ಸು. ಉಣ್ಣಲು ಇಲ್ಲದವನಿಗೆ ಅದನ್ನು ಬೋಧಿಸಿದರೆ ನಿರ್ದಯೆ. ಮರವನ್ನು ಬಿಡಬೇಕಾದವನು ಮೊದಲು ಕೊಳ್ಳುವವನು. ಕಾಡನ್ನು ಕಡಿಯದೆ ಕಾಡಿನಿಂದ ಬದುಕುವ ದಾರಿಯೂ ಆ ಸೀಮೆಗೆ ಹೊಸದಲ್ಲ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದರು. ಮೆಣಸಿನ ಬಳ್ಳಿಗೆ ಹಬ್ಬಲು ನಿಂತ ಮರ ಬೇಕು. ಬಿದ್ದ ಮರದ ಮೇಲೆ ಅದು ಫಲಿಸದು. ಮೆಣಸು, ದಾಲ್ಚಿನ್ನಿ, ರಾಮಪತ್ರೆ, ಉಪ್ಪಾಗೆ, ಜೇನುಗಳನ್ನು ಕಾನಿನಿಂದ ತರುವ ಕೈಗಳಿಗೆ ನ್ಯಾಯವಾದ ಬೆಲೆ ದೊರೆತರೆ ಕೊಡಲಿಯ ಕೂಲಿಯ ಮೇಲಿನ ಅವಲಂಬನೆಯು ಅಷ್ಟರಮಟ್ಟಿಗೆ ಇಳಿಯುತ್ತದೆ. ವಾಣಿಜ್ಯದಲ್ಲಿ ತೊಡಗಿದ ಶ್ರಾವಕರು ಇದನ್ನು ಧರ್ಮಕಾರ್ಯವೆಂದೇ ಭಾವಿಸಬಹುದು.

ಬಸದಿಗಳ ಜೀರ್ಣೋದ್ಧಾರದ ಸಂದರ್ಭದಲ್ಲಿ ಪ್ರಶ್ನೆಯು ಇನ್ನೂ ಕಠಿನವಾಗುತ್ತದೆ. ಮೂಡಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ತ್ರಿಭುವನತಿಲಕ ಚೂಡಾಮಣಿ ಬಸದಿಯ ಮೇಲಿನ ಅಂತಸ್ತುಗಳಲ್ಲಿ ಮರದ ಕೆಲಸವಿದೆ. ಮಳೆನಾಡಿನಲ್ಲಿ ಅದನ್ನು ಕಾಪಾಡಿಕೊಳ್ಳಲೇಬೇಕು. ಜಿನಪೂಜೆಯಲ್ಲಿ ಆಗುವ ಸಾವದ್ಯಲೇಶವು ಸಮುದ್ರದಲ್ಲಿ ಬಿದ್ದ ವಿಷದ ಕಣದಂತೆ ಎಂಬ ಸಮಂತಭದ್ರಾಚಾರ್ಯರ ಅಭಿಪ್ರಾಯವನ್ನು ಇಂಥಲ್ಲಿ ಮುಂದಿಡುವುದುಂಟು. ಅದು ಸರಿಯಾದ ಮಾತು. ಆದರೆ ಅವರು ಹೇಳಿದ್ದು ಲೇಶವನ್ನು ಕುರಿತು. ಇದ್ದ ತೊಲೆಯನ್ನು ಉಳಿಸಿ, ಕೊಳೆತ ಭಾಗಕ್ಕೆ ಮಾತ್ರ ಜೋಡಣೆ ಮಾಡಿ, ಹಳೆಯ ಮನೆಗಳಿಂದ ಇಳಿಸಿದ ಮರವನ್ನೇ ಬಳಸಿದಲ್ಲಿ ಅದು ಲೇಶವಾಗಿ ಉಳಿಯುತ್ತದೆ. ವೈಭವಕ್ಕೆಂದು ಗಟ್ಟಿ ಬೀಟೆಯ ಹೊಸ ಬಾಗಿಲವಾಡವನ್ನು ಮಾಡಿಸಿ ದಾನಿಯ ಹೆಸರನ್ನು ಕೆತ್ತಿಸುವಲ್ಲಿ ಲೇಶವು ಎಲ್ಲಿದೆಯೆಂದು ದಾನಿಯೇ ಕೇಳಿಕೊಳ್ಳಬೇಕು. ಭಗವಾನ್ ಮಹಾವೀರರಿಗೆ ಋಜುಕೂಲಾ ನದಿಯ ತೀರದಲ್ಲಿ ಕೇವಲಜ್ಞಾನವು ಉದಿಸಿದ್ದು ನಿಂತಿದ್ದ ಶಾಲವೃಕ್ಷದ ಅಡಿಯಲ್ಲಿ.

ಶ್ರವಣಬೆಳಗೊಳದ ಜೈನ ಮಠದ ಗೋಡೆಯ ಮೇಲೆ ಲೇಶ್ಯಾವೃಕ್ಷದ ಚಿತ್ರವಿದೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಬರುವ ದೃಷ್ಟಾಂತವದು: ಕಾಡಿನಲ್ಲಿ ದಾರಿ ತಪ್ಪಿದ ಆರು ಮಂದಿ ಹಸಿದವರು ಹಣ್ಣಿನ ಮರವೊಂದನ್ನು ಕಾಣುತ್ತಾರೆ. ಕೃಷ್ಣಲೇಶ್ಯೆಯವನು ಬುಡಸಹಿತ ಕೀಳಲು, ನೀಲದವನು ಕಾಂಡವನ್ನು ಕಡಿಯಲು, ಕಾಪೋತದವನು ದೊಡ್ಡ ಕೊಂಬೆಯನ್ನು, ಪೀತದವನು ಸಣ್ಣ ರೆಂಬೆಯನ್ನು ಮುರಿಯಲು ಎಣಿಸುತ್ತಾರೆ. ಪದ್ಮದವನಿಗೆ ಹಣ್ಣನ್ನು ಕಿತ್ತರೆ ಸಾಕು. ಶುಕ್ಲಲೇಶ್ಯೆಯವನು ಉದುರಿದ್ದನ್ನು ಆಯ್ದುಕೊಳ್ಳುತ್ತಾನೆ. ಇದನ್ನು ಮನಸ್ಸಿನ ಪರಿಣಾಮಗಳಿಗೆ ಉಪಮೆಯೆಂದು ಮಾತ್ರ ಓದುವುದು ವಾಡಿಕೆ. ಆದರೆ ಆರೂ ಮಂದಿಯ ಹಸಿವು ಒಂದೇ, ಮರವೂ ಒಂದೇ ಎಂಬುದನ್ನು ಮರೆಯಬಾರದು. ಅವರಲ್ಲಿ ಭೇದವನ್ನು ಉಂಟುಮಾಡಿದ್ದು ಅಗತ್ಯವಲ್ಲ. ಅಗತ್ಯವನ್ನು ಪೂರೈಸಿಕೊಳ್ಳುವ ರೀತಿ. ದಿಗಂಬರ ಮುನಿಯ ಕೈಯ ಪಿಂಛಿಯು ಈ ಆರನೆಯವನ ಮಾರ್ಗಕ್ಕೆ ಸಾಕ್ಷಿ: ನವಿಲು ತಾನಾಗಿ ಉದುರಿಸಿದ ಗರಿಗಳಿಂದಲೇ ಅದು ಆಗಬೇಕು.

ಗೃಹಸ್ಥನು ಮುನಿಯಲ್ಲ. ಅವನಿಗೆ ಉದುರಿದ ಹಣ್ಣಿನಿಂದಲೇ ಸಂಸಾರ ಸಾಗದು. ಆದರೆ ಬುಡ ಕೀಳುವವನಿಗೂ ಹಣ್ಣು ಆಯುವವನಿಗೂ ನಡುವೆ ನಾಲ್ಕು ಮೆಟ್ಟಿಲುಗಳಿವೆ. ಇಂದು ನಿಂತಲ್ಲಿಂದ ಒಂದು ಮೆಟ್ಟಿಲು ಮೇಲೇರುವುದು ಅಸಾಧ್ಯವಲ್ಲ. ಆಷಾಢದಲ್ಲಿ ಚಾತುರ್ಮಾಸದ ನಿಯಮಗಳನ್ನು ಸ್ವೀಕರಿಸುವಾಗ, ಸೊಪ್ಪು ತರಕಾರಿಗಳ ಪಟ್ಟಿಯೊಡನೆ ಮರದ ಒಂದು ಸಾಲನ್ನೂ ಸೇರಿಸಬಹುದು. ಇಂತಿಷ್ಟು ವರ್ಷ ಹೊಸ ಮರದ ಸಾಮಾನನ್ನು ಕೊಳ್ಳುವುದಿಲ್ಲವೆಂದು, ಮನೆ ಕಟ್ಟಿಸಲೇಬೇಕಾದರೆ ಹಳೆಯ ಮನೆಯ ಮರವನ್ನೋ ತೋಟದಲ್ಲಿ ಬೆಳೆಸಿದ ಮರವನ್ನೋ ಬಳಸುವೆನೆಂದು, ಮೂಲವನ್ನು ಹೇಳಲಾರದ ವ್ಯಾಪಾರಿಯಿಂದ ಹಲಗೆಯನ್ನು ಕೊಳ್ಳುವುದಿಲ್ಲವೆಂದು, ಕಾಡು ಕಡಿದ ಲಾಭದಲ್ಲಿ ಪಾಲುಗಾರನಾಗುವುದಿಲ್ಲವೆಂದು, ಯಥಾಶಕ್ತಿ ಒಂದನ್ನಾದರೂ ಹಿಡಿಯಬಹುದು. ಇವು ಹೊಸ ವ್ರತಗಳಲ್ಲ. ಭೋಗೋಪಭೋಗ ಪರಿಮಾಣದೊಳಗೇ ಅಡಗಿರುವ ನಿಯಮಗಳು.

ಒಂದು ಮನೆಯ ನಿಯಮದಿಂದ ಸಾರಾವಾಕಿನ ಕಾಡು ಉಳಿಯುವುದೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಒಬ್ಬನು ಸೊಪ್ಪನ್ನು ಬಿಟ್ಟುದರಿಂದ ಸಂತೆಗೆ ಬರುವ ಸೊಪ್ಪೂ ಕಡಿಮೆಯಾಗಿಲ್ಲ. ಹಾಗೆಂದು ಯಾವ ಶ್ರಾವಿಕೆಯೂ ಚತುರ್ದಶಿಯ ನಿಯಮವನ್ನು ಬಿಟ್ಟಿಲ್ಲ. ವ್ರತವು ಮೊದಲು ತಡೆಯುವುದು ವ್ರತಿಯ ಸ್ವಂತ ಆಸ್ರವವನ್ನು. ಹೊರಗಿನ ಮರವೊಂದು ಅದರಿಂದ ಉಳಿದರೆ ಆ ಮರದ ಪೊಟರೆಯಲ್ಲಿ ಬಾಗಿಲು ಮುಚ್ಚಿಕೊಂಡು ಕುಳಿತ ಜೀವಕ್ಕೆ ಅದು ಅಭಯದಾನ. ದಾನಗಳಲ್ಲಿ ಅದಕ್ಕಿಂತ ಮಿಗಿಲಾದುದು ಇಲ್ಲ.